ಮೂರನೇ ನಂಬರಿನ ಎರಡು ಪೆಟ್ಟಿಗೆಗಳು

ಎದುರುಮನೆಯ ಡೆಲ್ಮರ್ ಕಾಪ್ ರಸ್ತೆ ದಾಟಿ ಬರುವುದನ್ನು ಲವೋನ್ ಅಡುಗೆಮನೆ ಕಿಟಕಿಯಿಂದ ನೋಡಿದಳು. ಅವನ ಕೈಯಲ್ಲಿ ಏನೂ ಇರಲಿಲ್ಲ. ಬರಿಗೈಯಲ್ಲಿ ಬರುವವನು ಏನನ್ನಾದರೂ ಹೊತ್ತುಕೊಂಡು ಹೋಗಲೆಂದೇ ಬರುತ್ತಾನೆ ಎಂಬುದು ಅವಳ ಲೆಕ್ಕ. ಒಳಬಾಗಿಲು ತೆರೆದಳು. ಹೊರಗಿನ ಜಾಲರಿ ಬಾಗಿಲಿನ ಚಿಲಕ ತೆಗೆಯಲಿಲ್ಲ.

"ಲವೋನ್, ಕ್ರಿಸ್‌ಮಸ್ ದೀಪ ಯಾವಾಗ ಕಟ್ಟೋಣ?" ಅಂದ ಡೆಲ್ಮರ್, ಟೋಪಿ ಕೈಗೆ ತಗೊಂಡು.

"ಕಟ್ಟೋಣ ಅಂದ್ರೆ? ಯಾರ್ಯಾರು?"

"ಅಲ್ಲ, ರೋಲಂಡ್ ಇಲ್ವಲ್ಲ. ಒಬ್ಳೇ ಹೆಂಗೆ ಮಾಡ್ತೀಯ ಅಂತ ಕೇಳ್ದೆ."

"ಹೆಂಗೋ ಮಾಡ್ತೀನಿ. ನೀನು ನಿನ್ನ ಅಂಗಳ ನೋಡ್ಕೋ."

"ಮಾಡು. ಬೇಡ ಅಂದೋರ್ಯಾರು. ಗ್ಯಾರೇಜಲ್ಲಿ ಆ ಪೆಟ್ಟಿಗೆಗಳಿವೆಯಲ್ಲ, ಅವನ್ನ ಮಾತ್ರ ಮುಟ್ಟಬೇಡ. ನಾನೇ ಬಂದು..."

"ನನ್ನ ಮನೆ ಪೆಟ್ಟಿಗೆ ನಾನು ಮುಟ್ಟೋಕೆ ನಿನ್ನ ಅಪ್ಪಣೆ ಬೇಕೇನಯ್ಯಾ?"

ಡೆಲ್ಮರ್ ಟೋಪಿ ಹಾಕಿಕೊಂಡು ಹೊರಟ. ಹೋಗುವಾಗ ಗ್ಯಾರೇಜಿನ ಕಡೆ ತಿರುಗಿ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಲವೋನ್ ಶ್ರಾಕ್ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ತಾಯಿ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟಳು. ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು ಅಡುಗೆಯವಳಾಗಿ. ಮೊಣಕಾಲು ಸೋಲುವವರೆಗೂ ಊರಿನ ಮಕ್ಕಳಿಗೆಲ್ಲ ಬಡಿಸಿದಳು. ಹಾಲಿನವನು ತಂದ ಡಬ್ಬಿಗಳನ್ನು ಒಂದೊಂದಾಗಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಮಾಂಸದಂಗಡಿಯವನ ಹೆಬ್ಬೆರಳು ತಕ್ಕಡಿಯ ಮೇಲಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಚರ್ಚಿನಲ್ಲಿ ಪಾದ್ರಿ ಪ್ರಾರ್ಥನೆ ಶುರುಮಾಡಿದರೆ ಎಲ್ಲರ ಕಣ್ಣೂ ಮುಚ್ಚಿರುತ್ತಿತ್ತು, ಅವಳದು ತೆರೆದಿರುತ್ತಿತ್ತು.

"ಸತ್ತು ಸ್ವರ್ಗಕ್ಕೆ ಹೋದ್ರೂ ನೀನು ಒಳಗೆ ಹೋಗಲ್ಲ ಕಣೇ," ಎಂದು ಗಂಡ ರೋಲಂಡ್ ನಗುತ್ತಿದ್ದ. "ಸ್ವರ್ಗದ ಬಾಗಿಲು ಕಾಯೋ ಸಂತ ಪೀಟರನಿಗೇ, ಮೊದಲು ನಿನ್ನ ಗುರುತಿನ ಚೀಟಿ ತೋರ್ಸು ಅಂತೀಯ."

ರೋಲಂಡ್ ಹಾಗಲ್ಲ. ಮನೆಯನ್ನೇ ಗಾಲಿಯ ಮೇಲೆ ಕೂರಿಸಿ ಮಾರುವ ಕಾರ್ಖಾನೆಯಲ್ಲಿ ಅವನು ವಿದ್ಯುತ್ ತಂತಿ ಎಳೆಯುವ ಕೆಲಸದಲ್ಲಿದ್ದ. ಇಂಡಿಯಾನಾದ ಆ ಕಡೆಯಲ್ಲಿ ಅರ್ಧ ಊರು ಅದೇ ಕೆಲಸ ಮಾಡುತ್ತದೆ. ಹಗಲೆಲ್ಲ ತಂತಿ ಎಳೆದು, ಮನೆಗೆ ಬಂದೂ ತಂತಿ ಎಳೆಯುತ್ತಿದ್ದ. ಮೊದಲು ಜಗುಲಿಗೆ ಒಂದು ಸರ ಕಟ್ಟಿದ. ಮರುವರ್ಷ ಸೂರಿಗೆ. ಆಮೇಲೆ ಕಂಪ್ಯೂಟರು ಬಂತು. ಹಾಡಿಗೆ ತಕ್ಕ ಹಾಗೆ ದೀಪ ಕುಣಿಸುವ ಪೆಟ್ಟಿಗೆಗಳು ಬಂದವು. ಕಂಪ್ಯೂಟರಿನಿಂದ ಒಂದು ನೀಲಿ ತಂತಿ ಮೊದಲ ಪೆಟ್ಟಿಗೆಗೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಅಂಗಳವನ್ನೆಲ್ಲ ಸುತ್ತುತ್ತಿತ್ತು. ಪ್ರತಿ ಪೆಟ್ಟಿಗೆಯೊಳಗೆ ಬೆರಳುಗುರಿನಷ್ಟು ಒಂದು ತಿರುಪು. ಅದನ್ನು ತಿರುಗಿಸಿ ಪೆಟ್ಟಿಗೆಗೆ ನಂಬರು ಕೊಡಬೇಕು.

"ನಿಮ್ಮ ಶಾಲೇಲಿ ಹಾಜರಿ ಕೂಗ್ತಾರಲ್ಲ, ಹಾಗೆ," ಎಂದು ಅವಳಿಗೆ ಬಿಡಿಸಿ ಹೇಳಿದ್ದ. "ಕಂಪ್ಯೂಟರು ಮೂರು ಅಂತ ಕೂಗಿದ್ರೆ ಮೂರನೇ ಪೆಟ್ಟಿಗೆ ಹೂಂ ಅಂದು ದೀಪ ಹಚ್ತದೆ. ಮಿಕ್ಕವು ಬಾಯಿ ಮುಚ್ಕೊಂಡಿರ್ತವೆ."

ಹಬ್ಬದ ತಿಂಗಳಲ್ಲಿ ಅವರ ಮನೆ ಮುಂದೆ ಕಾರುಗಳು ಸಾಲುಗಟ್ಟುತ್ತಿದ್ದವು. ಕಾರಿನ ರೇಡಿಯೊ ಹಾಕಿಕೊಂಡರೆ ಹಾಡು ಕೇಳುತ್ತಿತ್ತು. ಗೇಟಿನ ಹತ್ತಿರ ಒಂದು ಪೀಪಾಯಿ. ನೋಡಲು ಬಂದವರು ಬೀನ್ಸಿನ ಡಬ್ಬಿ, ಸೂಪಿನ ಡಬ್ಬಿ ಅದರಲ್ಲಿ ಹಾಕಿ ಹೋಗುತ್ತಿದ್ದರು. ಅದೆಲ್ಲ ಚರ್ಚಿನ ಮೂಲಕ ಬಡವರಿಗೆ. ಪೀಪಾಯಿಯ ಮೇಲೆ ಹಲಗೆ: ರೋಲಂಡನ ದೀಪಗಳು. ಡೆಲ್ಮರ್ ಕೂಡ ಎದುರಿನ ಅಂಗಳದಲ್ಲಿ ದೀಪ ಕುಣಿಸುತ್ತಿದ್ದ. ಕಾರಿನವರು ಅವನ ಅಂಗಳಕ್ಕೆ ಬೆನ್ನು ಹಾಕಿ ನಿಂತು ಇತ್ತ ನೋಡುತ್ತಿದ್ದರು.

ಮಾರ್ಚಿನಲ್ಲಿ ರೋಲಂಡ್ ಸತ್ತ. ಎದೆ ಹಿಡಿದುಕೊಂಡು ಗ್ಯಾರೇಜಿನ ಬಾಗಿಲಲ್ಲಿ ಬಿದ್ದ. ಲವೋನ್ ಅತ್ತಳು, ಆಮೇಲೆ ಅಳುವುದನ್ನು ನಿಲ್ಲಿಸಿದಳು. ಒಂದು ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಕತ್ತಲಾದ ಕೂಡಲೇ ರೋಲಂಡನ ದೀಪ ಹತ್ತಬೇಕು. ಅವನೇ ಕೂಡಿಸಿದ ಹಾಡು, ಅವನದೇ ಕಂಪ್ಯೂಟರು. ಬೇರೆ ಯಾರ ಕೈಯೂ ತಾಗಬಾರದು. ತಾಗಿದರೆ ಅದು ಅವನದಲ್ಲ.

ಡೆಲ್ಮರನಿಗೆ ಈಗ ದಾರಿ ಖಾಲಿಯಾಗಿದೆ ಎಂದೂ ಅವಳು ಯೋಚಿಸಿದಳು. ಹಬ್ಬದೂಟದಲ್ಲಿ ಎರಡನೇ ಪಂಕ್ತಿಗೇ ಕೂತು ಅಭ್ಯಾಸವಾದವನು ಮೊದಲ ಪಂಕ್ತಿಯ ಕುರ್ಚಿ ಖಾಲಿ ಕಂಡರೆ ಬಿಡುತ್ತಾನೆಯೆ?

ದೀಪ ಕಟ್ಟಲು ಅವಳು ಕರೆದದ್ದು ನಾದಿನಿ ಫೇಯನ್ನು. ರೋಲಂಡನ ತಂಗಿ. ಏಣಿ ಹಿಡಿಯಲು ಒಬ್ಬರು ಬೇಕಿತ್ತು, ಫೇ ಏಣಿಯನ್ನೂ ಹಿಡಿದಳು, ಬಾಯಿಯನ್ನೂ ಮುಚ್ಚಲಿಲ್ಲ. ದೀಪದ ಕಮಾನುಗಳನ್ನು ನೆಟ್ಟರು. ಸೂರಿಗೆ ಸರ ಸಿಕ್ಕಿಸಿದರು. ಪುಟ್ಟ ಪೈನ್ ಮರವನ್ನು ಅದರ ಜಾಗದಲ್ಲಿ ನಿಲ್ಲಿಸಿದರು. ಪೆಟ್ಟಿಗೆಗಳ ಮೇಲೆ ರೋಲಂಡ್ ಬಣ್ಣದಲ್ಲಿ ಬರೆದಿದ್ದ ಗುರುತುಗಳಿದ್ದವು, ಕಮಾನು, ಕಿಟಕಿ, ಮರ ಅಂತ. ಅದಕ್ಕೆ ಸರಿಯಾಗಿ ಜೋಡಿಸಿದರು.

ಕೊನೆಗೆ ಲವೋನ್ ಗ್ಯಾರೇಜಿಗೆ ಹೋಗಿ ನೀಲಿ ತಂತಿಯ ತುದಿಯನ್ನು ಹುಡುಕಿದಳು. ಅದು ಕಂಪ್ಯೂಟರಿಗೆ ಹೋಗಿರಲಿಲ್ಲ. ಗೋಡೆ ಹತ್ತಿತ್ತು. ತೊಲೆಯ ಪಕ್ಕದ ತೂತಿನಿಂದ ಹೊರಗೆ ನುಸುಳಿತ್ತು. ಹೊರಗೆ ಬಂದು ನೋಡಿದಳು. ಸೂರಿನಡಿ ಸೋಪಿನ ಪೆಟ್ಟಿಗೆಯಷ್ಟು ಒಂದು ಬಿಳಿ ಡಬ್ಬ. ತಂತಿ ಅದರೊಳಗೆ ಸೇರಿತ್ತು.

"ಫೋನಿನೋರದ್ದು ಇರಬೇಕು," ಅಂದಳು ಫೇ.

"ಫೋನಿನೋರದ್ದಾದ್ರೆ ಡೆಲ್ಮರನ ಸೂರನ್ನೇ ಯಾಕೆ ದಿಟ್ಟಿಸಿ ನೋಡ್ತಿದೆ?"

ಫೇ ತಿರುಗಿದಳು. ರಸ್ತೆಯ ಆಚೆ, ಡೆಲ್ಮರನ ಗ್ಯಾರೇಜಿನ ಸೂರಿನಡಿ, ಅಂಥದೇ ಬಿಳಿ ಡಬ್ಬ. ಎರಡೂ ಒಂದರ ಮುಖ ಒಂದು ನೋಡುತ್ತಿದ್ದವು.

"ನಮ್ಮಣ್ಣನೇ ಹಾಕ್ಸಿರಬಹುದು ಬಿಡೇ."

"ನಿಮ್ಮಣ್ಣ ನನಗೆ ಹೇಳದೆ ಹಲ್ಲುಜ್ಜೋ ಬ್ರಷ್ಷೂ ಬದಲಾಯಿಸಿದೋನಲ್ಲ. ಮಣ್ಣು ಮಾಡಿ ಬಂದ ದಿನ ಕುರ್ಚಿ ತರ್ತೀನಿ ಅಂತ ಆ ಡೆಲ್ಮರ್ ಗ್ಯಾರೇಜಿಗೆ ಹೋದ. ಎಷ್ಟೊತ್ತಾದ್ರೂ ಬರಲಿಲ್ಲ. ಕುರ್ಚಿ ತರೋಕೆ ಅಷ್ಟು ಹೊತ್ತು ಬೇಕೇನು?"

"ನಿನಗೆ ನೊಣ ಕೂತ್ರೂ ಯಾರೋ ಕಳಿಸಿದ್ದು ಅನ್ನಿಸ್ತದೆ."

ಲವೋನ್ ಏಣಿ ಹತ್ತಿ ಬಿಳಿ ಡಬ್ಬದಿಂದ ತಂತಿ ಕಿತ್ತಳು. ಒಳಗೆ ತಂದು ರೋಲಂಡನ ಕಂಪ್ಯೂಟರಿಗೆ ಸೇರಿಸಲು ಹೋದರೆ, ಅದರ ಹಿಂದೆ ತಂತಿ ಸಿಕ್ಕಿಸುವ ಪುಟ್ಟ ಬಿರಡೆ ಇನ್ನೂ ನೇತಾಡುತ್ತಿತ್ತು. ಅದರ ಮೇಲೆ ಧೂಳು ಕೂತಿತ್ತು. ಒಂದು ಬೇಸಿಗೆಯ ಧೂಳಲ್ಲ, ಉಜ್ಜಿದರೂ ಹೋಗದ ಧೂಳು. ಅವಳು ನೋಡಿದಳು. ತಂತಿ ಸಿಕ್ಕಿಸಿದಳು.

ಹಸಿರು ಗುಂಡಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಒತ್ತುವ ಮೊದಲು ಹಾಡುಗಳ ಸಾಲು ನೋಡಿದಳು. ಹಿಂದಿನ ಎರಡು ಕ್ರಿಸ್‌ಮಸ್‌ಗಳ ಹಾಡು ಒಂದೂ ಇರಲಿಲ್ಲ. ಗಂಟೆ ಬಾರಿಸುವ ಹಾಡು, ಕಾರಿನಲ್ಲಿ ಕೂತ ಹೆಂಗಸರು ಕಣ್ಣೊರೆಸಿಕೊಂಡ ಹಾಡು, ಅದೂ ಇರಲಿಲ್ಲ. ಎಲ್ಲ ಹಳೆಯವು.

"ಕದ್ದಿದಾನೆ," ಅಂದಳು.

ಹಳೆಯ ಹಾಡೊಂದನ್ನು ಹಾಕಿದಳು. ಕಮಾನು ಹತ್ತಬೇಕಾದಲ್ಲಿ ಸೂರು ಹತ್ತಿತು. ಸೂರಿನ ಸರದಿ ಬಂದಾಗ ಕಿಟಕಿ ಮಿಣುಕಿತು. ಬಲಗಡೆಯ ಪುಟ್ಟ ಪೈನ್ ತನ್ನ ಸರದಿಯಲ್ಲಿ ಕಪ್ಪಗೆ ನಿಂತಿತ್ತು. ಎಡಗಡೆಯ ಕಮಾನು ಹತ್ತಿದಾಗಲೆಲ್ಲ ಅದರ ಜೊತೆಗೆ ಹತ್ತುತ್ತಿತ್ತು. ಕುಡಿದವರ ಮದುವೆ ಕುಣಿತದ ಹಾಗಿತ್ತು.

ಫೇ ನಕ್ಕಳು. ಲವೋನಳ ಮುಖ ನೋಡಿ ನಗು ನುಂಗಿದಳು.

"ಹಾಡು ಕದ್ದದ್ದು ಸಾಲದು ಅಂತ ಪೆಟ್ಟಿಗೇನೂ ಕೆಡಿಸಿಟ್ಟಿದಾನೆ. ಅದಕ್ಕೇ ಮುಟ್ಟಬೇಡ ಅಂದ. ಕುಂಬಳಕಾಯಿ ಕಳ್ಳ ಅನ್ನೋಕೆ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡ," ಅಂದಳು ಲವೋನ್.

ಮರುದಿನ ಹಬ್ಬ. ಫೇ ಮನೆಯಲ್ಲಿ ಊಟ. ಟರ್ಕಿ ಕೋಳಿ, ಹಿಸುಕಿದ ಆಲೂಗಡ್ಡೆ, ಅದರ ಮೇಲೆ ಸುರಿಯಲು ನೂಡಲ್ಸ್. ಪ್ರತಿಯೊಬ್ಬರೂ ಈ ವರ್ಷ ತಮಗೆ ಸಿಕ್ಕ ಒಳ್ಳೆಯದನ್ನು ನೆನೆದು ದೇವರಿಗೆ ಕೃತಜ್ಞತೆ ಹೇಳಬೇಕು. ಲವೋನಳ ಸರದಿ ಬಂದಾಗ, "ನನಗೇನೂ ಸಿಕ್ಕಿಲ್ಲ, ಮುಂದಿನೋರು ಹೇಳಿ," ಅಂದಳು. ಕೊನೆಯ ಸಿಹಿ, ಕೆನೆ ಪೈ, ಬಡಿಸುವ ಹೊತ್ತಿಗೆ ಎದ್ದು ಕೋಟು ಹಾಕಿಕೊಂಡಳು. ಮರುದಿನ ಸಂಜೆ ದೀಪ ಹತ್ತಬೇಕಿತ್ತು. ಅವಳ ಹತ್ತಿರ ಇದ್ದದ್ದು ಕುಡಿದವರ ಕುಣಿತ.

ಡೆಲ್ಮರನ ಗ್ಯಾರೇಜಿನ ಬಾಗಿಲು ತೆರೆದಿತ್ತು. ಮದುವೆಯಾಗದ ಮನುಷ್ಯ, ಹಬ್ಬದ ದಿನವೂ ಡಬ್ಬಿಯಿಂದ ಏನನ್ನೋ ತಿನ್ನುತ್ತ ಕಂಪ್ಯೂಟರಿನ ಮುಂದೆ ಕೂತಿದ್ದ. ಲವೋನ್ ಕೂಗದೆ, ಕೆಮ್ಮದೆ ಒಳಗೆ ನಡೆದಳು. ಪರದೆಯ ಮೇಲೆ ಅವಳ ಮನೆಯಿತ್ತು. ಅವಳ ಸೂರು, ಅವಳ ಜಗುಲಿ, ಅವಳ ಅಡುಗೆಮನೆ ಕಿಟಕಿ. ಮನೆಯ ಪಟದ ಮೇಲೆ ಪುಟ್ಟ ಚುಕ್ಕೆಗಳು ಬಣ್ಣಬಣ್ಣವಾಗಿ ಓಡುತ್ತಿದ್ದವು. ಗಂಟೆಯ ಹಾಡು ಮೆಲ್ಲಗೆ ಕೇಳುತ್ತಿತ್ತು.

"ಕಳ್ಳ," ಅಂದಳು.

ಡೆಲ್ಮರನ ಚಮಚ ಕೆಳಗೆ ಬಿತ್ತು. "ಅಯ್ಯೋ ದೇವರೇ. ಎದೆ ಒಡೆದೋಯ್ತು ಕಣಮ್ಮ."

"ಒಡೀಲಿ. ಸತ್ತೋನ ಹಾಡು ಕದ್ದು ತಿನ್ನೋ ಎದೆ ಇದ್ದರೆಷ್ಟು ಒಡೆದರೆಷ್ಟು."

"ಕದ್ದಿಲ್ಲ, ಲವೋನ್. ಇದು ನಾನು ಮಾಡಿದ್ದು."

"ರೋಲಂಡ್ ಮಾಡಿದ್ದು. ನಾನು ಕಣ್ಣಾರೆ ನೋಡಿದೀನಿ. ಎರಡು ವರ್ಷ ಗ್ಯಾರೇಜಲ್ಲಿ ಕೂತು ಅವನೇ ಹಸಿರು ಗುಂಡಿ ಒತ್ತುತಿದ್ದ."

"ಒತ್ತುತಿದ್ದ. ಅವನ ಗ್ಯಾರೇಜಿನ ದೀಪ ಆರಿಸಿದ್ ಕೂಡ್ಲೇ ನಾನು ಇಲ್ಲಿ ಒತ್ತುತಿದ್ದೆ. ಅವನ ಗುಂಡಿಗೆ ಏನೂ ಸೇರಿರಲಿಲ್ಲ. ತಂತಿ ಆ ಬಿಳಿ ಡಬ್ಬಕ್ಕೆ, ಡಬ್ಬದಿಂದ ಗಾಳೀಲಿ ಇಲ್ಲಿಗೆ. ಎರಡೂ ಅಂಗಳ ಈ ಒಂದು ಕಂಪ್ಯೂಟರಿನಿಂದ ಓಡ್ತಿದ್ವು."

"ಯಾಕೆ?"

ಡೆಲ್ಮರ್ ನೆಲ ನೋಡಿದ. "ಮಾತು ಕೊಟ್ಟಿದೀನಿ."

"ಕೊಟ್ಟೋನು ಬದುಕಿದಾನೆ, ಇಸ್ಕೊಂಡೋನು ಮಣ್ಣಲ್ಲಿದಾನೆ. ನಾನು ಇಲ್ಲಿ ನಿಂತಿದೀನಿ. ಬೊಗಳು."

"ಅವನಿಗೆ ಮರೀತಿತ್ತು ಲವೋನ್. ಹಾಡಿಗೆ ದೀಪ ಕೂಡಿಸೋಕೆ ಕೂತ್ರೆ, ಎಲ್ಲಿವರೆಗೆ ಬಂದೆ ಅನ್ನೋದು ತಪ್ಪೋಗ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಮೊದಲಿಂದ. ಒಂದಿನ ಇಲ್ಲಿಗೆ ಬಂದು ಅತ್ತ. ನೀನು ಮಾಡು, ನನ್ನ ಹೆಸರಲ್ಲಿರಲಿ, ಅವಳಿಗೆ ಮಾತ್ರ ಗೊತ್ತಾಗಬಾರದು ಅಂದ."

"ಸುಳ್ಳು."

"ಸುಳ್ಳಾದ್ರೆ ಹೋಗಿ ಪೆಟ್ಟಿಗೆ ಮುಚ್ಚಳ ತೆಗೆದು ನೋಡು. ಎಡಗಡೆ ಕಮಾನಿನ ತಿರುಪು ಮೂರರಲ್ಲಿದೆ. ಪುಟ್ಟ ಪೈನಿನದೂ ಮೂರರಲ್ಲೇ ಇದೆ. ಆ ವರ್ಷ ಅವನು ಪೆಟ್ಟಿಗೆ ಒರೆಸ್ತೀನಿ ಅಂತ ಕೂತು ನಂಬರೆಲ್ಲ ತಿರುಗಿಸಿಟ್ಟಿದ್ದ."

"ನೀನೇ ತಿರುಗಿಸಿರ್ತೀಯ. ಕುರ್ಚಿ ತರೋಕೆ ಹೋದಾಗ."

"ಆವತ್ತು ಅವನ ಕುರ್ಚೀಲಿ ಕೂತು ಅತ್ತೆ. ನಿಮ್ಮೆಲ್ಲರ ಮುಂದೆ ಅಳಕ್ಕಾಗ್ತದಾ? ನಂಬರು ನಾನು ತಿರುಗಿಸಿದ್ರೆ ಸರಿಯಾಗೇ ತಿರುಗಿಸ್ತಿದ್ದೆ. ಎರಡು ಪೆಟ್ಟಿಗೆಗೆ ಒಂದೇ ನಂಬರು ಕೊಡೋ ತಪ್ಪನ್ನ ಹೊಸಬರು ಒಂದ್ಸಲ ಮಾಡ್ತಾರೆ, ಮತ್ತೆ ಮಾಡಲ್ಲ. ಸರಿ ಮಾಡೋಕೆ ಹೋದ್ರೆ ಅವನಿಗೆ ತಾನು ತಪ್ಪು ಮಾಡಿದ್ದು ಗೊತ್ತಾಗ್ತಿತ್ತು. ಅದಕ್ಕೇ ಬಿಟ್ಟೆ. ಅವನ ತಪ್ಪು ನಂಬರಿಗೆ ಸರಿಹೋಗೋ ಹಾಗೆ ಹಾಡುಗಳನ್ನೇ ಮಾಡ್ದೆ. ಕಮಾನೂ ಪೈನೂ ಬೇರೆ ಬೇರೆ ಹಚ್ಚೋಕಾಗ್ತಿರಲಿಲ್ಲ. ಆದ್ದರಿಂದ ಜೋಡೀಲೇ ಕುಣಿಸ್ದೆ."

ಲವೋನ್ ಮನೆಗೆ ಹೋದಳು. ಕೋಟು ಬಿಚ್ಚದೆ, ತಿರುಪುಳಿ ಹಿಡಿದು ಅಂಗಳದಲ್ಲಿ ಮಂಡಿಯೂರಿದಳು. ಕಮಾನಿನ ಪೆಟ್ಟಿಗೆ ತೆರೆದಳು. ಮೂರು. ಪೈನಿನ ಪೆಟ್ಟಿಗೆ ತೆರೆದಳು. ಮೂರು. ಶಾಲೆಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರಿದ್ದರು. ಹಾಜರಿ ಕೂಗಿದರೆ ಇಬ್ಬರೂ ಹೂಂ ಅನ್ನುತ್ತಿದ್ದರು.

ಅವಳಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಅವಳೇ ಕೇಳಿದ್ದಳು, "ಆ ಮರ, ಈ ಕಮಾನು, ಯಾವಾಗ್ಲೂ ಒಟ್ಟಿಗೇ ಯಾಕೆ ಹತ್ತುತವೆ?" ರೋಲಂಡ್ ಬಹಳ ಹೊತ್ತು ಅಂಗಳ ನೋಡುತ್ತ ನಿಂತಿದ್ದ. ಆಮೇಲೆ, "ಹಾಗೇ ಇರ್ಬೇಕು, ಜೋಡಿ ಅದು," ಅಂದಿದ್ದ. ಅವನ ಮುಖ ಆಗ ಹೇಗಿತ್ತು ಎಂಬುದೂ ನೆನಪಾಯಿತು.

ಬೇರೆಯವೂ ನೆನಪಾದವು. ನೂಡಲ್ಸಿಗೆ ಸಕ್ಕರೆ ಹಾಕಿದ್ದ. ಟ್ರಕ್ಕಿನ ಬೀಗದ ಕೈ ಬ್ರೆಡ್ಡಿನ ಡಬ್ಬಿಯಲ್ಲಿ ಸಿಕ್ಕಿತ್ತು. ಇಸ್ಪೀಟು ಆಡುತ್ತೇನೆ ಎಂದು ದಿನವೂ ಡೆಲ್ಮರನ ಮನೆಗೆ ಹೋಗುತ್ತಿದ್ದ. ಡೆಲ್ಮರ್ ಕುಡಿಸುತ್ತಿದ್ದಾನೆ ಎಂದು ಅವಳು ಅನುಮಾನಪಟ್ಟಿದ್ದಳು. ಮಲಗಿದ ಗಂಡನ ಬಾಯಿ ಮೂಸಿ ನೋಡಿದ್ದಳು. ವಾಸನೆ ಬರದಿದ್ದಾಗ, ಏನೋ ಅಗಿದು ವಾಸನೆ ಮುಚ್ಚಿದ್ದಾನೆ ಎಂದುಕೊಂಡಿದ್ದಳು. ಎಲ್ಲವನ್ನೂ ಅನುಮಾನಿಸಿದವಳು ನೋಡಬೇಕಾದದ್ದನ್ನು ನೋಡಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ನೋಡಲಿಲ್ಲ.

ಮಂಡಿಗೆ ಹಿಮದ ಒದ್ದೆ ತಾಗಿ ಕೊರೆಯುತ್ತಿತ್ತು. ಎದ್ದಳು. ಮತ್ತೆ ರಸ್ತೆ ದಾಟಿದಳು.

ಡೆಲ್ಮರ್ ಗ್ಯಾರೇಜಿನಲ್ಲೇ ಇದ್ದ. ಚಮಚ ನೆಲದಲ್ಲೇ ಇತ್ತು.

"ನಿನಗೆ ಹೇಳಿದ. ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ, ಟ್ರಕ್ಕಿನ ಬೀಗದ ಕೈ ಕಿತ್ಕೋತಾಳೆ ಅಂದ."

"ಕಿತ್ಕೋತಿದ್ದೆ."

"ಅದಕ್ಕೇ."

ಲವೋನ್ ಅಲ್ಲಿದ್ದ ಬಣ್ಣದ ಡಬ್ಬದ ಮೇಲೆ ಕೂತಳು. ಬೈಯಲು ಬಾಯಿ ತೆರೆದಳು. ಬೈಯಬೇಕಾದವನು ಇವನಲ್ಲ. ಬೈಸಿಕೊಳ್ಳಬೇಕಾದವನು ಮಾರ್ಚಿನಲ್ಲೇ ತಪ್ಪಿಸಿಕೊಂಡಿದ್ದ.

"ಮತ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಫೇಗೆ?"

"ಫೇಗೆ ಹೇಳಿದ್ರೆ ರೇಡಿಯೊದಲ್ಲಿ ಹಾಕಿದಂಗೆ."

ಅವಳ ಮೂಗಿನಿಂದ ನಗುವಿನಂಥದೊಂದು ಹೊರಟಿತು. ಮುಖ ತಿರುಗಿಸಿದಳು. ಪರದೆಯ ಮೇಲೆ ಅವಳ ಮನೆ ಇನ್ನೂ ಮಿಣುಕುತ್ತಿತ್ತು. ಎಡಗಡೆಯ ಕಮಾನು, ಬಲಗಡೆಯ ಮರ, ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿದ್ದವು. ಇದು ರೋಲಂಡನದಲ್ಲ. ಆದರೆ ಈ ಎರಡು ದೀಪ ಹೀಗೆ ಕುಣಿಯುವುದು ರೋಲಂಡನ ಕೈಯಿಂದಲೇ ಆದದ್ದು. ಡೆಲ್ಮರ್ ಬಯಸಿದ್ದರೂ ಹೀಗೆ ಮಾಡುತ್ತಿರಲಿಲ್ಲ.

"ಇದನ್ನ ನಾಳೆ ನನ್ನ ಗ್ಯಾರೇಜಿಗೆ ಹೊತ್ಕೊಂಡು ಬಾ," ಅಂದಳು.

"ಕಂಪ್ಯೂಟರನ್ನಾ? ಇಲ್ಲಿಂದಲೇ ಓಡ್ತದಲ್ಲ. ತಂತಿ ಮತ್ತೆ ಡಬ್ಬಕ್ಕೆ ಹಾಕಿದ್ರೆ ಸಾಕು."

"ಇಲ್ಲಿ ಕೂತು ನೀನು ಏನು ಮಾಡ್ತೀಯ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ನನ್ನ ಕಣ್ಣೆದುರಿಗೆ ಓಡಬೇಕು."

"ಇನ್ನೂ ನಂಬಿಕೆ ಬರಲಿಲ್ವಾ?"

"ನಂಬಿಕೆ ಬೇರೆ, ಕಣ್ಣು ಬೇರೆ."

ಮರುದಿನ ಹೊತ್ತು ಇಳಿಯುವಾಗ ಡೆಲ್ಮರ್ ಕಂಪ್ಯೂಟರನ್ನು ಎದೆಗೆ ಅವುಚಿಕೊಂಡು ರಸ್ತೆ ದಾಟಿದ. ಲವೋನ್ ಮುಂದೆ ನಡೆದು ಕಾರುಗಳನ್ನು ಕೈ ತೋರಿಸಿ ನಿಲ್ಲಿಸಿದಳು. "ಎಡವಿದ್ರೆ ನೀನು ಬೀಳು, ಅದನ್ನ ಬೀಳಿಸ್ಬೇಡ," ಅಂದಳು.

ಗ್ಯಾರೇಜಿನಲ್ಲಿ ಅವನು ನೀಲಿ ತಂತಿ ಸಿಕ್ಕಿಸಿದ. ಕಂಪ್ಯೂಟರಿನಿಂದ ಇನ್ನೊಂದು ತಂತಿಯನ್ನು ಬಿಳಿ ಡಬ್ಬಕ್ಕೆ ಎಳೆದ. ಈಗ ಹಾಡು ಇಲ್ಲಿಂದ ಹೊರಟು, ಗಾಳಿಯಲ್ಲಿ ಆಚೆ ಹೋಗಿ ಅವನ ಅಂಗಳವನ್ನೂ ಕುಣಿಸಬೇಕಿತ್ತು. ತಿರುಪುಳಿ ಕೈಗೆತ್ತಿಕೊಂಡ.

"ಮೊದಲು ಆ ನಂಬರು ಸರಿ ಮಾಡ್ಬಿಡ್ತೀನಿ. ಪೈನಿಗೆ ಅದರದ್ದೇ ಕೊಟ್ರೆ ಮುಂದಿನ ವರ್ಷ ಚಂದಾಗಿ..."

"ಮುಟ್ಟಿದ್ರೆ ಕೈ ಮುರೀತೀನಿ."

ಡೆಲ್ಮರ್ ತಿರುಪುಳಿ ಕೆಳಗಿಟ್ಟ.

ಹೊರಗೆ ಕಾರುಗಳು ನಿಂತಿದ್ದವು. ಪೀಪಾಯಿಗೆ ಡಬ್ಬಿ ಬಿದ್ದ ಸದ್ದು ಕೇಳಿಸಿತು. ರೋಲಂಡನ ದೀಪಗಳು ಎಂಬ ಹಲಗೆಯನ್ನು ಅವಳು ಬೆಳಿಗ್ಗೆಯೇ ಒರೆಸಿ ಇಟ್ಟಿದ್ದಳು. ರೋಲಂಡನ ಕುರ್ಚಿಯಲ್ಲಿ ಕೂತಳು. ಡೆಲ್ಮರನಿಗೆ ಬಣ್ಣದ ಡಬ್ಬ ತೋರಿಸಿದಳು. ಹಸಿರು ಗುಂಡಿಯನ್ನು ತಾನೇ ಒತ್ತಿದಳು.

ಗಂಟೆಯ ಹಾಡು ಶುರುವಾಯಿತು. ಸೂರು ಹತ್ತಿತು, ಕಿಟಕಿ ಹತ್ತಿತು. ರಸ್ತೆಯಾಚೆ ಡೆಲ್ಮರನ ಅಂಗಳವೂ ಹತ್ತಿತು. ಆಮೇಲೆ ಎಡಗಡೆಯ ಕಮಾನು, ಬಲಗಡೆಯ ಪುಟ್ಟ ಮರ, ಎರಡೂ ಒಟ್ಟಿಗೆ ಹತ್ತಿದವು. ಲವೋನ್ ಅವು ಆರುವವರೆಗೆ ನೋಡಿದಳು. ಮತ್ತೆ ಹತ್ತುವವರೆಗೆ ನೋಡಿದಳು. ಆಮೇಲೆ ಡೆಲ್ಮರನ ಕೈ ಎಲ್ಲಿದೆ ಎಂದು ನೋಡಿದಳು. ಅದು ಅವನ ಮಡಿಲಲ್ಲೇ ಇತ್ತು.

"ನಿನ್ನ ಅಂಗಳ ಈಗ ನನ್ನ ಕೈಲಿದೆ. ನೆನಪಿಟ್ಕೋ," ಅಂದಳು.

"ಗೊತ್ತಾಯ್ತು ಕಣಮ್ಮ."

"ನಾಳೆಯಿಂದ ಊಟಕ್ಕೆ ಇಲ್ಲೇ ಬಾ. ಡಬ್ಬೀಲಿ ತಿನ್ಬೇಡ." ಅಂಗಳದ ಕಡೆಗೆ ತಿರುಗಿ ಹೇಳಿದಳು, "ಬರುವಾಗ ಏನಾದ್ರೂ ಹಿಡ್ಕೊಂಡು ಬಾ. ಬರಿಗೈಲಿ ಬಂದ್ರೆ ಬಾಗಿಲು ತೆಗೆಯಲ್ಲ."